ಗೋಡೆಗೆ ನೀರು

ನವೆಂಬರ್ 9

ಪ್ರೀತಿಯ ಚೀಟಿ,

ನೀನು ಹುಡುಕಿಕೊಟ್ಟ ಕೋಣೆಗೆ ಬಂದು ಸೇರಿದೆ. ಎರಡು ಟ್ರಂಕು, ಒಂದು ತುತ್ತೂರಿ, ನಾನು, ಎಲ್ಲರೂ ಕ್ಷೇಮ. ಮೆಟ್ಟಿಲು ಹತ್ತುವಾಗ ಸಾಮಾನು ಹೊತ್ತವನು ತಿರುಗಿ ನೋಡಿ, "ಏನ್ ಯಜಮಾನ್ರೇ, ಟ್ರಂಕ್ ಹೊತ್ತಿರೋದು ನಾನು, ಏದುಸಿರು ಬಿಡ್ತಿರೋದು ನೀವು!" ಅಂದ. ಜೀವಮಾನವಿಡೀ ಬ್ಯಾಂಡಿನಲ್ಲಿ ತುತ್ತೂರಿ ಊದಿದವನಿಗೆ ಇಂಥ ಮಾತು ಕೇಳುವ ಗತಿ ಬಂತು ನೋಡು.

ಫೋನ್ ಮಾಡಬೇಡ ಎಂದು ಮತ್ತೊಮ್ಮೆ ಹೇಳುತ್ತೇನೆ. ಫೋನಿನಲ್ಲಿ ನಾನು ಒಂದು ಮಾತಾಡಿದರೆ ಕೆಮ್ಮು ಹತ್ತು ಮಾತಾಡುತ್ತದೆ. ನೀನು ಆ ಕಡೆಯಿಂದ ಗಾಬರಿಯಾಗಿ ಡಾಕ್ಟರುಗಳ ಹೆಸರು ಹೇಳಲು ಶುರು ಮಾಡುತ್ತೀ. ಕಾಗದದಲ್ಲಾದರೆ ಕೆಮ್ಮು ಕೇಳಿಸುವುದಿಲ್ಲ. ಅಂಚೆ ಡಬ್ಬವೂ ಈಗ ಎದುರಿಗೇ ಇದೆ.

ಕಿಟಕಿ ಚೆನ್ನಾಗಿದೆ. ಎದುರಿಗೆ ಅಂಚೆ ಕಚೇರಿ, ಅದರ ಮುಂದೆ ಬಸ್ ನಿಲ್ದಾಣ, ಪಕ್ಕದಲ್ಲಿ ಒಂದೇ ಒಂದು ಮರ. ಕಚೇರಿಯ ತಾರಸಿಯ ಮೇಲೆ ಕೊಳವೆ ಚಾಚಿಕೊಂಡ ಒಂದು ಬಿಳಿ ಪೆಟ್ಟಿಗೆ ಕೂತಿದೆ. ಅದೇನು? ಕೆಳಗಿನ ಸೈಕಲ್ ಅಂಗಡಿಯವನನ್ನು ಕೇಳಿದರೆ "ಅದು ಸರ್ಕಾರದ್ದು" ಅಂದ, ಅಲ್ಲಿಗೆ ಮಾತು ಮುಗಿಯಿತು. ಇನ್ನೊಂದು ವಿಚಿತ್ರ. ಬೆಳಿಗ್ಗೆ ಒಂದು ನೀರಿನ ಟ್ಯಾಂಕರ್ ಬಂದು ಬೀದಿಗೆ, ಮರಕ್ಕೆ, ಅಂಚೆ ಕಚೇರಿಯ ಗೋಡೆಗೆ ಪೈಪಿನಲ್ಲಿ ನೀರು ಹೊಡೆದು ಹೋಗುತ್ತದೆ. ಮರಕ್ಕೆ ಸರಿ. ಗೋಡೆಗೆ ಯಾಕೆ?

ಹೊಸ ಆಟ ಒಂದು ಕಂಡುಹಿಡಿದಿದ್ದೇನೆ. ಬಸ್ಸು ನಿಂತ ಕೂಡಲೆ ತುತ್ತೂರಿಯಲ್ಲಿ ಒಂದೇ ಸ್ವರ ಹಿಡಿಯುತ್ತೇನೆ. ನನ್ನ ಉಸಿರು ಮುಗಿಯುವಷ್ಟರಲ್ಲಿ ಬಸ್ಸು ಎಲ್ಲಿಗೆ ಹೋಗಿರುತ್ತದೆ ಎಂದು ನೋಡುವುದು. ಇವತ್ತು ಬಾಗಿಲು ಮುಚ್ಚುವಷ್ಟರಲ್ಲೇ ನನ್ನ ಕಥೆ ಮುಗಿಯಿತು. ತಿರುವಿನವರೆಗೆ ಹಿಡಿಯಬೇಕೆಂದು ಆಸೆ.

ಇಷ್ಟೊಂದು ದೇಶಗಳ ಹೊಗೆ ಕಂಡ ನೀನು ಈ ಕೋಣೆಯನ್ನೇ ಯಾಕೆ ಆರಿಸಿದೆ, ಅದನ್ನು ಬರೆ.

ಕುತೂಹಲ ಬಿಟ್ಟರೆ ಬೇರೆ ಕೆಲಸವಿಲ್ಲದ
ನಿನ್ನ ಮಾವ


ನವೆಂಬರ್ 26

ಪ್ರೀತಿಯ ಮಾವ,

ಇಟ್ಟಿಗೆ ಗೂಡುಗಳ ನಡುವಿನ ಒಂದು ಅತಿಥಿಗೃಹದಿಂದ ಬರೆಯುತ್ತಿದ್ದೇನೆ. ಮೇಜು ಒರೆಸಿ ಹಾಳೆ ಇಟ್ಟೆ, ಎರಡು ಸಾಲು ಬರೆಯುವಷ್ಟರಲ್ಲಿ ಹಾಳೆಯನ್ನೇ ಒರೆಸಬೇಕಾಯಿತು.

ಆ ಪೆಟ್ಟಿಗೆ ಗಾಳಿಯ ಧೂಳು ಅಳೆಯುವ ಯಂತ್ರ. ನಿಮ್ಮ ಊರಿಗೆಲ್ಲ ಅದೊಂದೇ. ಅದರ ಅಂಕಿ ಗಂಟೆಗೊಮ್ಮೆ ನಾನೆಲ್ಲಿದ್ದರೂ ನನಗೆ ಬರುತ್ತದೆ. ಆ ಕೋಣೆ ಆರಿಸಿದ್ದೂ ಅದಕ್ಕೇ. ಜಲ್ಲಿ ಕ್ರಷರ್ ರಸ್ತೆಯ ನಿಮ್ಮ ಹಳೆ ಮನೆಯಲ್ಲಿ ಗಾಳಿ ಹೇಗಿದೆ ಎಂದು ನನ್ನ ಹತ್ತಿರ ಅಂಕಿ ಇಲ್ಲ. ಈ ಹೊಸ ಕೋಣೆಯ ಹತ್ತಿರ ಚೆನ್ನಾಗಿದೆ ಎಂಬುದಕ್ಕೆ ಇದೆ.

ನನ್ನ ಕೆಲಸ ಏನೆಂದು ನೀವು ಕೇಳಿದಾಗಲೆಲ್ಲ "ಪರಿಸರದ ಅರ್ಥಶಾಸ್ತ್ರ" ಎಂದು ಹೇಳಿ ಜಾರಿಕೊಂಡಿದ್ದೇನೆ. ಈಗ ಸರಿಯಾಗಿ ಹೇಳುತ್ತೇನೆ. ಬಡ ದೇಶಗಳಲ್ಲಿ ಒಳ್ಳೆಯ ಕಾನೂನೂ ಇರುತ್ತದೆ, ದಟ್ಟ ಹೊಗೆಯೂ ಇರುತ್ತದೆ. ಎರಡೂ ಜಗಳವಾಡದೆ ಹೇಗೆ ಒಟ್ಟಿಗಿರುತ್ತವೆ ಎಂಬುದೇ ನನ್ನ ಪ್ರಶ್ನೆ. ನಿಮ್ಮ ಊರಿನಲ್ಲಿ ಕಾರ್ಖಾನೆಯ ಹೊಗೆ ಪರೀಕ್ಷಿಸುವವನನ್ನು ಕಾರ್ಖಾನೆಯವರೇ ಆರಿಸಿ, ಅವರೇ ಸಂಬಳ ಕೊಡುತ್ತಿದ್ದರು. ಪಾಪ, ಅವನ ಕಣ್ಣಿಗೆ ಯಾವ ಚಿಮಣಿಯಲ್ಲೂ ಹೊಗೆ ಕಾಣುತ್ತಿರಲಿಲ್ಲ. ನಾನು ಹೇಳಿದ್ದು ಇಷ್ಟೇ: ಯಾವ ಕಾರ್ಖಾನೆಗೆ ಯಾವ ಪರೀಕ್ಷಕ ಎಂದು ಚೀಟಿ ಎತ್ತಿ, ಸಂಬಳವನ್ನು ಎಲ್ಲರೂ ಸೇರಿ ತುಂಬಿದ ನಿಧಿಯಿಂದ ಕೊಡಿ. ಅವತ್ತಿನಿಂದ ಆ ಪೆಟ್ಟಿಗೆಯ ಅಂಕಿ ಇಳಿಯುತ್ತಾ ಬಂದು ಅರ್ಧಕ್ಕೆ ನಿಂತಿದೆ. ಮಾರ್ಚ್‌ನಲ್ಲಿ ಬೇರೆ ಬೇರೆ ದೇಶಗಳ ಅಧಿಕಾರಿಗಳು ಸಭೆ ಸೇರುತ್ತಾರೆ. ನಿಮ್ಮ ಊರಿನ ಉದಾಹರಣೆ ನೋಡಿ ತಾವೂ ಈ ನಿಯಮ ತರಬೇಕೆಂದಿದ್ದಾರೆ. ಇಪ್ಪತ್ತು ವರ್ಷ ಓಡಾಡಿದ್ದು ಸಾರ್ಥಕವಾಯಿತು ಅನ್ನಿಸುತ್ತಿದೆ, ಮಾವ. ಚಿಕ್ಕಂದಿನಲ್ಲಿ ಯಾರು ಮೊದಲು ಸ್ನಾನಕ್ಕೆ ಹೋಗಬೇಕು ಎನ್ನುವುದಕ್ಕೂ ಚೀಟಿ ಎತ್ತಿಸಿ ನಿಮ್ಮ ತಲೆ ತಿಂದು, ನಿಮ್ಮ ಬಾಯಲ್ಲಿ 'ಚೀಟಿ' ಎಂದೇ ಹೆಸರಾದ ಹುಡುಗಿ ಕೊನೆಗೆ ಅದನ್ನೇ ಹೊಟ್ಟೆಪಾಡು ಮಾಡಿಕೊಂಡಳು.

ಇಲ್ಲಿಯ ಒಂದು ತಮಾಷೆ ಕೇಳಿ. ಗೂಡುಗಳ ಸುತ್ತ ಮರ ಬೆಳೆಸಲು ಸರ್ಕಾರ ಹಣ ಕೊಟ್ಟಿತು. ಮರ ದೊಡ್ಡದಾಗಲು ವರ್ಷಗಳು ಬೇಕಲ್ಲ, ಅದಕ್ಕೆ ತೋಡಿದ ಗುಂಡಿಗಳನ್ನು ಎಣಿಸಿ ಹಣ ಕೊಟ್ಟರು. ಈಗ ಇಲ್ಲಿ ಎಲ್ಲಿ ನೋಡಿದರೂ ಗುಂಡಿ, ಒಂದೇ ಒಂದು ಗಿಡವಿಲ್ಲ. ಯಾವುದನ್ನು ಅಳೆಯುತ್ತೇವೋ ಜನ ಅದನ್ನೇ ಮಾಡಿ ತೋರಿಸುತ್ತಾರೆ. ನಾನು ಬಿದ್ದು ಬಿದ್ದು ನಕ್ಕೆ.

ನಿಮ್ಮ ಟ್ಯಾಂಕರಿನ ಗುಟ್ಟು ಮಾತ್ರ ನನಗೂ ಗೊತ್ತಿಲ್ಲ. ತಿರುವಿನವರೆಗೆ ಊದಿದ ದಿನ ತಿಳಿಸಿ.

ನಿಮ್ಮ
ಚೀಟಿ


ಡಿಸೆಂಬರ್ 17

ಪ್ರೀತಿಯ ಚೀಟಿ,

ಬಸ್ಸು ತಿರುವು ದಾಟಿತು! ನನ್ನ ಸ್ವರ ಇನ್ನೂ ಇತ್ತು. ಕೆಳಗೆ ಸೈಕಲ್ ಅಂಗಡಿಯವನು ಪಂಕ್ಚರ್ ಹಾಕುವುದು ಬಿಟ್ಟು ಚಪ್ಪಾಳೆ ತಟ್ಟಿದ. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಇನ್ನು ಆ ತುತ್ತೂರಿಯನ್ನು ಗೋಡೆಗೆ ನೇತುಹಾಕುವುದೊಂದೇ ಬಾಕಿ ಎಂದುಕೊಂಡಿದ್ದೆ.

ಟ್ಯಾಂಕರಿನವನ ಗೆಳೆತನವಾಗಿದೆ. ಟೀ ಕುಡಿಯಲು ಮೇಲೆ ಬರುತ್ತಾನೆ. ಮೊದಲ ದಿನವೇ ಕೇಳಿಬಿಟ್ಟೆ.

"ಅಲ್ಲಪ್ಪಾ, ಗೋಡೆಗೆ ನೀರು ಹಾಕಿದ್ರೆ ಗೋಡೆ ಬೆಳೆಯುತ್ತಾ?"

"ನನ್ನನ್ನ ಯಾಕೆ ಕೇಳ್ತೀರಾ ಯಜಮಾನ್ರೇ? ಅಂಚೆ ಕಚೇರಿ ಸುತ್ತ ಒಂದು ಚೂರೂ ಧೂಳು ಏಳಬಾರ್ದು ಅಂದಿದಾರೆ ನಗರಸಭೆಯೋರು. ತಾರಸಿ ಮೇಲೂ ಹೊಡಿ ಅಂತಾರೆ. ಹೊಡೀತೀನಿ."

"ಅಷ್ಟು ದೊಡ್ಡ ಮನುಷ್ಯ ಯಾರಪ್ಪಾ ಇರೋದು ಅಲ್ಲಿ?"

"ಪೋಸ್ಟ್ ಮಾಸ್ಟರ್ ಒಬ್ರೇ. ಅವ್ರು ನಂಗೆ ದಿನಾ ಬೈತಾರೆ, ಕಾಗದ ಒದ್ದೆ ಆಗುತ್ತೆ ಅಂತ."

ಅವನ ಮನೆ ಇರುವುದು ಕ್ರಷರ್ ರಸ್ತೆಯಲ್ಲಿ, ನನ್ನ ಹಳೆ ಮನೆಯಿಂದ ಸ್ವಲ್ಪ ಆಚೆ. ಅವನ ತಾಯಿ ಮನೆಯೊಳಗೂ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿರುತ್ತಾಳಂತೆ. ಹೋದ ವಾರ ನಾನೂ ಆ ಕಡೆ ಹೋಗಿದ್ದೆ, ಬಿಟ್ಟುಬಂದಿದ್ದ ಸ್ಟೂಲು ತರಲು. ಎರಡು ದಿನ ಕೆಮ್ಮಿದೆ. ಧೂಳು ಅರ್ಧ ಇಳಿದಿದೆ ಎಂದು ಬರೆದಿದ್ದೀಯಲ್ಲ, ಇಳಿದ ಅರ್ಧ ಯಾವುದು, ಉಳಿದ ಅರ್ಧ ಯಾವುದು? ಜಗಳಕ್ಕೆ ಕೇಳುತ್ತಿಲ್ಲ ಮಾರಾಯ್ತಿ, ತಿಳಿಯದೆ ಕೇಳುತ್ತಿದ್ದೇನೆ.

ಇಂತು
ತಿರುವು ದಾಟಿದ ಮಾವ


ಜನವರಿ 6

ಮಾವ,

ನೀವು ತಿರುವು ದಾಟಿದ್ದು ಓದಿ ಕುಣಿದಾಡುವಷ್ಟು ಖುಷಿಯಾಯಿತು.

ಎರಡು ಪ್ರಶ್ನೆ. ಟ್ಯಾಂಕರ್ ಯಾವ ಹೊತ್ತಿಗೆ ಬರುತ್ತದೆ? ರಜೆಯ ದಿನ ಬರುತ್ತದೆಯೇ?

ಚೀಟಿ


ಜನವರಿ 18

ಪ್ರೀತಿಯ ಚೀಟಿ,

ಇದೇನು, ಕಾಗದ ಬರೆದೆಯೋ ಟೆಲಿಗ್ರಾಂ ಕೊಟ್ಟೆಯೋ? ಚಿಕ್ಕಂದಿನಲ್ಲಿ ಲೋಟ ಒಡೆದ ದಿನ ಮಾತ್ರ ನೀನು ಹೀಗೆ ಅಳೆದು ತೂಗಿ ಮಾತಾಡುತ್ತಿದ್ದೆ.

ಬೆಳಿಗ್ಗೆ ಹಾಲಿನವನು ಹೋದ ಮೇಲೊಮ್ಮೆ, ಮಧ್ಯಾಹ್ನದ ಬಿಸಿಲೇರುವ ಮೊದಲೊಮ್ಮೆ. ರಜೆಯ ದಿನ ಬರುವುದಿಲ್ಲ. ಅವತ್ತು ಕಿಟಕಿ ಮುಚ್ಚಿಕೊಂಡು ಕೂರುತ್ತೇನೆ. ತುತ್ತೂರಿಗೂ ರಜೆ.

ಏನಾಗಿದೆ ಹೇಳು. ನನ್ನ ಕಿವಿ ನಿಮಿರಿ ನಿಂತಿವೆ.

ನಿನ್ನ ಮಾವ


ಫೆಬ್ರವರಿ 10

ಪ್ರೀತಿಯ ಮಾವ,

ತಡವಾಯಿತು. ಬರೆದದ್ದನ್ನೆಲ್ಲ ಹರಿದು ಹಾಕುತ್ತಿದ್ದೆ.

ರಜೆಯ ದಿನಗಳಲ್ಲಿ ನಿಮ್ಮ ಪೆಟ್ಟಿಗೆಯ ಅಂಕಿ ಏರುತ್ತದೆ. ನನ್ನ ವಿದ್ಯಾರ್ಥಿನಿ ಇದನ್ನು ಹೋದ ವರ್ಷವೇ ತೋರಿಸಿದ್ದಳು. ರಜೆಗೆ ಜನ ಗಾಡಿ ತೆಗೆದುಕೊಂಡು ತಿರುಗಾಡುತ್ತಾರೆ, ಅದಕ್ಕೆ ಇರಬೇಕು ಎಂದಿದ್ದೆ. ಉಳಿದ ದಿನಗಳಲ್ಲಿ ಅಂಕಿ ದಿನಕ್ಕೆರಡು ಸಲ ಕುಸಿಯುತ್ತದೆ. ನೀವು ಹೇಳಿದ ಅದೇ ಎರಡು ಹೊತ್ತಿಗೆ. ನಾವು ಆ ಪೆಟ್ಟಿಗೆಯನ್ನು ನೋಡಲು ಶುರು ಮಾಡಿದೆವು, ನಗರಸಭೆಯವರು ಅದರ ಸುತ್ತ ನೀರು ಹೊಡೆಯಲು ಶುರು ಮಾಡಿದರು. ಕಣ್ಣಿಗೆ ಮಣ್ಣೆರಚುವವರನ್ನು ಬೇಕಾದಷ್ಟು ಕಂಡಿದ್ದೆ. ನೀರೆರಚುವವರನ್ನು ಈಗ ಕಂಡೆ. ಗುಂಡಿ ಎಣಿಸಿದವರನ್ನು ನೋಡಿ ನಕ್ಕವಳು ನಾನೇ ತಾನೇ?

ಅಂಕಿ ಸುಳ್ಳಲ್ಲ ಎಂಬುದೇ ಇದರಲ್ಲಿ ವಿಚಿತ್ರ. ಅದು ಪೂರ್ತಿ ನಿಜ, ನಿಮ್ಮ ಕಿಟಕಿಯ ಮಟ್ಟಿಗೆ. ಊರಿನ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ನನ್ನ ನಿಯಮದಿಂದ ಕಾರ್ಖಾನೆಗಳ ಹೊಗೆ ಇಳಿದಿರಬಹುದು, ಇಳಿಯದೆಯೂ ಇರಬಹುದು.

ಈಗ ಹೇಳಲಾಗದ ಮಾತು. ಮಾರ್ಚ್ ಸಭೆಯಲ್ಲಿ ನಾನು ಬಾಯಿ ಬಿಟ್ಟರೆ ಆ ಪೆಟ್ಟಿಗೆ ಅಲ್ಲಿಂದ ಎದ್ದು ಹೋಗುತ್ತದೆ, ಟ್ಯಾಂಕರ್ ನಿಲ್ಲುತ್ತದೆ. ನಿಮ್ಮ ಬಸ್ಸು ತಿರುವು ದಾಟಿದ್ದು ಆ ನೀರಿನಿಂದ, ಮಾವ. ಇನ್ನೂ ಸಾಬೀತಾಗಿಲ್ಲವಲ್ಲ, ರಜೆಗೆ ಬೇರೆ ಕಾರಣವೂ ಇರಬಹುದಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅದು ನಿಜವೂ ಹೌದು, ನೆಪವೂ ಹೌದು. ಸಾಬೀತಾಗಬೇಕಾದರೆ ಮಾಮೂಲಿ ದಿನಗಳಲ್ಲೂ ಟ್ಯಾಂಕರ್ ಆಗಾಗ ತಪ್ಪಬೇಕು, ಯಾವತ್ತು ತಪ್ಪುತ್ತದೆ ಎಂದು ಯಾರಿಗೂ ಮೊದಲೇ ಗೊತ್ತಿರಬಾರದು. ಅದನ್ನು ಯಾರು ಮಾಡುತ್ತಾರೆ?

ನೀವು ಯಾರ ಹತ್ತಿರವೂ ಏನೂ ಹೇಳಬೇಡಿ, ಏನೂ ಮಾಡಬೇಡಿ. ಯೋಚಿಸಲು ಬಿಡಿ.

ನಿಮ್ಮ
ಚೀಟಿ


ಫೆಬ್ರವರಿ 20

ಚೀಟಿ,

ನಿನ್ನ ಕಾಗದ ಓದಿ ಸಿಟ್ಟು ಬಂತು. ಟೀ ಕುಡಿದೆ, ಇಳಿಯಲಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನನ್ನ ಉಸಿರನ್ನು ನಿನ್ನ ನೆಪಗಳ ಜೊತೆ ಕಟ್ಟಿಡಬೇಡ. ನಾನು ನಿನ್ನನ್ನು ಸಾಕಿದ್ದು ಇದಕ್ಕಲ್ಲ. ನಿನ್ನಮ್ಮ ತೀರಿಕೊಂಡ ಮೇಲೆ ನೀನು ನನ್ನ ಮನೆಗೆ ಬಂದಾಗ ಎರಡು ಗುಣ ತಂದಿದ್ದೆ. ಎಲ್ಲದಕ್ಕೂ ಚೀಟಿ ಎತ್ತುವುದು ಒಂದು. ಚೀಟಿ ನಿನ್ನ ವಿರುದ್ಧ ಬಿದ್ದರೆ "ಇನ್ನೊಂದ್ಸಲ ಮಾವ, ಇನ್ನೊಂದ್ಸಲ" ಎಂದು ರಂಪ ಮಾಡುವುದು ಇನ್ನೊಂದು. ಎರಡನೆಯದನ್ನು ಬಿಡಿಸಲು ಎಷ್ಟು ಕಷ್ಟಪಟ್ಟಿದ್ದೇನೆ ಗೊತ್ತಾ? ಬಿಟ್ಟಿದ್ದೀ ಎಂದುಕೊಂಡಿದ್ದೆ.

ಹೊಸ ವಿಷಯ ಏನೂ ಇಲ್ಲ. ಇಲ್ಲಿ ಎಲ್ಲ ಸೌಖ್ಯ.

ಮಾವ


ಮಾರ್ಚ್ 8

ಪ್ರೀತಿಯ ಚೀಟಿ,

ಲಕೋಟೆಯಿಂದ ಏನೋ ಜೋತಾಡುತ್ತಿದೆ ಎಂದು ಗಾಬರಿಯಾಗಬೇಡ. ದಾರಕ್ಕೆ ಪೋಣಿಸಿದ ಚೀಟಿಗಳು ಅವು. ಗಂಟು ಇರುವ ಕಡೆ ಮೊದಲ ದಿನ. ಹೋದ ಕಾಗದ ಡಬ್ಬಕ್ಕೆ ಹಾಕಿದ ಮರುದಿನದಿಂದ ಲೆಕ್ಕ ಹಿಡಿ, ರಜೆಯ ದಿನ ಬಿಟ್ಟು.

ನೀನು ಏನೂ ಮಾಡಬೇಡ ಅಂದಿದ್ದೆ. ನಾನು ಟ್ಯಾಂಕರಿನವನಿಗೆ ಎಲ್ಲ ಹೇಳಿಬಿಟ್ಟೆ. ಅವನು ಟೀ ಲೋಟ ಕೆಳಗಿಟ್ಟು ಕಿಟಕಿಯಿಂದ ಆ ಪೆಟ್ಟಿಗೆಯನ್ನು ನೋಡಿದ. ಆಮೇಲೆ, "ಅಂದ್ರೆ ನಾನು ಇಷ್ಟು ದಿನ ಒಂದು ಡಬ್ಬಿಗೆ ಸ್ನಾನ ಮಾಡಿಸ್ತಾ ಇದ್ನಾ?" ಅಂದ.

"ಹೂಂ."

"ನಮ್ಮಮ್ಮ ಅಲ್ಲಿ ಬಟ್ಟೆ ಕಟ್ಕೊಂಡು ಕೂತಿದಾಳೆ."

"ಹೂಂ ಕಣಪ್ಪಾ."

ದಿನವೂ ಬೆಳಿಗ್ಗೆ ಅವನು ಮೇಲೆ ಬರುತ್ತಿದ್ದ. ತುತ್ತೂರಿಯ ಬಾಯಿಗೆ ಎರಡು ಚೀಟಿ ಹಾಕಿ ಕುಲುಕುತ್ತಿದ್ದೆವು. "ಇಲ್ಲಿ" ಬಂದರೆ ಟ್ಯಾಂಕರ್ ಇಲ್ಲಿ, "ಅಲ್ಲಿ" ಬಂದರೆ ಕ್ರಷರ್ ರಸ್ತೆಗೆ. ಎತ್ತುವವನು ಅವನು, ಕಣ್ಣು ಮುಚ್ಚಿಕೊಂಡು. ಎತ್ತಿದ ಮೇಲೆ ಇನ್ನೊಂದ್ಸಲ ಎನ್ನುವ ಮಾತೇ ಇಲ್ಲ. ಒಮ್ಮೆ "ಅಲ್ಲಿ" ಬಿದ್ದಾಗ ನನ್ನ ಮುಖ ನೋಡಿ, "ಇವತ್ತು ಬೇಡ ಬಿಡಿ ಯಜಮಾನ್ರೇ, ಇಲ್ಲೇ ಹೊಡೀತೀನಿ" ಅಂದ. ಬೈದು ಕಳಿಸಿದೆ. ಟ್ಯಾಂಕರ್ ಅಲ್ಲಿಗೆ ಹೋದ ದಿನಗಳಲ್ಲೆಲ್ಲ ಅವನ ತಾಯಿ ಮೂಗಿಗೆ ಕಟ್ಟಿದ ಬಟ್ಟೆ ತೆಗೆದು ಹೊಸ್ತಿಲ ಮೇಲೆ ಕೂತು ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದಳಂತೆ.

ಅವನಿಗೆ ತೊಂದರೆಯಾಗುತ್ತದೆ ಎಂದು ನೀನು ಹೆದರುತ್ತೀ, ನಾನೂ ಹೆದರಿದ್ದೆ. ನಿನ್ನೆ ನಗರಸಭೆಯ ಜೀಪು ಬಂತು. ಸಾಹೇಬರು ಅವನನ್ನು ತರಾಟೆಗೆ ತೆಗೆದುಕೊಳ್ಳಲು ಬಾಯಿ ತೆರೆದರು, ಹಾಗೇ ಮುಚ್ಚಿದರು. ಅಲ್ಲಿಗೆ ಯಾಕೆ ಹೋದೆ ಎಂದು ಕೇಳಬೇಕಾದರೆ ಇಲ್ಲಿಗೆ ಯಾಕೆ ಬರಬೇಕು ಎಂದು ಹೇಳಬೇಕಲ್ಲ! ಮರವನ್ನು ಒಂದು ಸುತ್ತು ಹಾಕಿ, ಗೋಡೆ ಮುಟ್ಟಿ ನೋಡಿ, ಜೀಪು ಹತ್ತಿದರು. ಕಿಟಕಿಯಲ್ಲಿ ನಾನು ಕೈ ಮುಗಿದೆ, ಅವರೂ ಮುಗಿದರು.

ಸಭೆಗೆ ಮೊದಲು ಇದು ನಿನಗೆ ತಲುಪಲಿ ಎಂದು ಅಂಚೆ ಡಬ್ಬಕ್ಕೆ ಹಾಕದೆ ಪೋಸ್ಟ್ ಮಾಸ್ಟರ ಕೈಗೇ ಕೊಡುತ್ತಿದ್ದೇನೆ. ಒದ್ದೆಯಾಗದಂತೆ ಕಳಿಸಿ ಎಂದು ಹೇಳುತ್ತೇನೆ.

ನಿನ್ನ ಮಾವ


ಮಾರ್ಚ್ 29

ಪ್ರೀತಿಯ ಮಾವ,

ಅಂಕಿಗಳ ನಕ್ಷೆಯನ್ನು ಮೇಜಿನ ಮೇಲೆ ಹರಡಿ ನಿಮ್ಮ ದಾರವನ್ನು ಅದರ ಕೆಳಗೆ ಇಟ್ಟೆ. "ಅಲ್ಲಿ" ಇದ್ದ ಕಡೆಯೆಲ್ಲ ಗೆರೆ ಏರಿದೆ. "ಇಲ್ಲಿ" ಇದ್ದ ಕಡೆಯೆಲ್ಲ ಕುಸಿದಿದೆ. ಒಂದೂ ತಪ್ಪಿಲ್ಲ. ಇಷ್ಟು ಚೊಕ್ಕವಾದ ಪ್ರಯೋಗವನ್ನು ನಾನು ಯಾವ ದೇಶದಲ್ಲೂ ಮಾಡಿಲ್ಲ. ಆ ಏರಿದ ದಿನಗಳಲ್ಲಿ ನೀವು ಹೇಗಿದ್ದಿರಿ ಎಂದು ಕಾಗದದಲ್ಲಿ ಒಂದು ಸಾಲೂ ಇಲ್ಲ. ನಾನು ಗೆರೆಯನ್ನು ನೋಡಿ ತಿಳಿದುಕೊಂಡೆ. ಆ ಗೆರೆಯ ಮೇಲೆ ಬೆರಳಿಟ್ಟುಕೊಂಡು ಅತ್ತೆ.

ಸಭೆಯಲ್ಲಿ ಎಲ್ಲ ಹೇಳಿದೆ. ದಾರವನ್ನೂ ಎತ್ತಿ ತೋರಿಸಿದೆ. ಕೆಲವರು ನಕ್ಕರು. ಇಬ್ಬರು ಫೈಲು ಮುಚ್ಚಿ ಹೊರಟೇಬಿಟ್ಟರು. ನಿಮ್ಮ ಊರಿನ ಮೇಲೆ ಬರೆದ ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನನ್ನ ವಿಭಾಗದ ಮುಖ್ಯಸ್ಥರು ಎದುರು ಸಿಕ್ಕರೆ ಗಡಿಯಾರ ನೋಡಿಕೊಳ್ಳುತ್ತಾರೆ. 

ಆದರೆ ಕೊನೆಯಲ್ಲಿ, ಅಷ್ಟು ಹೊತ್ತು ತೂಕಡಿಸುತ್ತಿದ್ದ ಒಬ್ಬ ಹಿರಿಯ ಅಧಿಕಾರಿ ಕಣ್ಣು ಬಿಟ್ಟು, "ಹಾಗಾದ್ರೆ ಪೆಟ್ಟಿಗೆ ಎಲ್ಲಿ ಇಡಬೇಕಮ್ಮಾ?" ಎಂದು ಕೇಳಿದರು. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಉತ್ತರ ಹುಡುಕುತ್ತಾ ಅಲ್ಲೇ ಕೂತುಬಿಟ್ಟೆವು. ಕೊನೆಗೆ ಪೆಟ್ಟಿಗೆಯ ಹೊಣೆ ಹೊತ್ತ ನಿಮ್ಮ ಊರಿನ ಅಧಿಕಾರಿಗಳನ್ನೂ ಒಪ್ಪಿಸಿದ್ದಾಯಿತು: ಇನ್ನು ಮೇಲೆ ಪೆಟ್ಟಿಗೆ ತಿಂಗಳಿಗೊಂದು ಬೀದಿಗೆ ಹೋಗುತ್ತದೆ. ಯಾವ ಬೀದಿ ಎಂದು ಇಲ್ಲಿ ನಾವು ಚೀಟಿ ಎತ್ತುತ್ತೇವೆ, ಅಲ್ಲಿ ಇಳಿಯುವವರೆಗೆ ಯಾರಿಗೂ ಹೇಳುವುದಿಲ್ಲ. ನನ್ನ ನಿಯಮ ನಿಜಕ್ಕೂ ಕೆಲಸ ಮಾಡಿದೆಯೋ ಇಲ್ಲವೋ ಇನ್ನಾದರೂ ಗೊತ್ತಾಗಬಹುದು. ಮತ್ತೆ ಮೊದಲ ದಿನದ ವಿದ್ಯಾರ್ಥಿನಿಯಾಗಿದ್ದೇನೆ, ಮಾವ. ಭಯ ಇದೆ, ಅದಕ್ಕಿಂತ ಕುತೂಹಲ ಜಾಸ್ತಿ ಇದೆ.

ಇಲ್ಲಿ ನನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಮಾಡಿದ್ದೇನೆ. ಗಾಳಿ ಚೆನ್ನಾಗಿದೆ. ಈ ಸಲ ಅಂಕಿ ನೋಡಿಲ್ಲ, ನಾನೇ ಉಸಿರಾಡಿ ನೋಡಿದ್ದೇನೆ. ಬಂದುಬಿಡಿ.

ನಿಮ್ಮ
ಚೀಟಿ


ಮೇ 6

ಪ್ರೀತಿಯ ಚೀಟಿ,

ಪೆಟ್ಟಿಗೆಯನ್ನು ಇಳಿಸಿಕೊಂಡು ಹೋದರು. ತಾರಸಿಯ ಮೇಲೆ ಅದು ಕೂತಿದ್ದ ಜಾಗ ಬೆಳ್ಳಗೆ ಕಾಣುತ್ತದೆ. ಟ್ಯಾಂಕರ್ ಈ ಬೀದಿಗೆ ಬರುವುದಿಲ್ಲ. ಪೋಸ್ಟ್ ಮಾಸ್ಟರೊಬ್ಬರಿಗೆ ಪರಮ ಸಂತೋಷ.

ಈ ತಿಂಗಳ ಬೀದಿ ಯಾವುದು ಅಂತೀ? ಕ್ರಷರ್ ರಸ್ತೆ! ನಿನಗೆ ಗೊತ್ತೇ ಇರುತ್ತದೆ, ಆದರೂ ಹೇಳುವ ಖುಷಿ ನನ್ನದಾಗಲಿ. ನಗರಸಭೆಯವರ ಬುದ್ಧಿ ಎಲ್ಲಿ ಹೋಗುತ್ತದೆ? ಪೆಟ್ಟಿಗೆ ಇಳಿದ ಮರುದಿನವೇ ಟ್ಯಾಂಕರನ್ನು ಅದರ ಹಿಂದೆ ಓಡಿಸಿದರು. ಟ್ಯಾಂಕರಿನವನು ಈಗ ಸಂಬಳ ತೆಗೆದುಕೊಂಡು ತನ್ನ ತಾಯಿಯ ಬಾಗಿಲಿಗೇ ನೀರು ಹೊಡೆಯುತ್ತಾನೆ. ಪೆಟ್ಟಿಗೆ ಊರೆಲ್ಲ ಸುತ್ತಿದರೆ ನೀರೂ ಊರೆಲ್ಲ ಸುತ್ತಬೇಕಾಗುತ್ತದೆ. ಇನ್ನೂ ನಾಲ್ಕು ಪೆಟ್ಟಿಗೆ ತಂದಿಟ್ಟರೆ ಏನು ಮಾಡುತ್ತಾರೆ? ಕ್ರಷರಿಗೇ ನೀರು ಹೊಡೆಯಬೇಕಾದೀತು. ಇದನ್ನು ಯೋಚಿಸು.

ನನ್ನ ವಿಷಯ. ಬಸ್ಸಿನ ಬಾಗಿಲು ಮುಚ್ಚುವುದೂ ನನ್ನ ಉಸಿರು ಮುಗಿಯುವುದೂ ಮತ್ತೆ ಒಂದೇ ಆಗಿದೆ. ಮುಚ್ಚಿಡುವುದಿಲ್ಲ. ಬೇಜಾರಿದೆ. ಆದರೆ ಊದಬೇಕು ಅನ್ನಿಸಿದಾಗ ಅದೇ ಬಸ್ಸು ಹತ್ತಿ ಕ್ರಷರ್ ರಸ್ತೆಗೆ ಹೋಗುತ್ತೇನೆ. ನನ್ನ ಹಳೆ ಸ್ಟೂಲನ್ನು ಮತ್ತೆ ಅಲ್ಲಿಗೇ ಒಯ್ದಿಟ್ಟಿದ್ದೇನೆ, ಟ್ಯಾಂಕರಿನವನ ತಾಯಿ ಹಾಕಿಕೊಡುತ್ತಾಳೆ. ಮೊನ್ನೆ ಅಲ್ಲಿಂದ ಹಿಡಿದ ಸ್ವರ ಬಸ್ಸು ಆ ರಸ್ತೆಯ ಕೊನೆಯ ಸೇತುವೆ ದಾಟುವವರೆಗೂ ನಿಂತಿತು. ಆಕೆ, "ಸಾಕು ಬಿಡಿ, ಮೊಮ್ಮಗು ಮಲಗಿದೆ" ಅಂದಳು.

ನಿನ್ನ ಮನೆಗೆ ಬರುವುದಿಲ್ಲ. ಈ ಊರಿನಲ್ಲಿ ಏನಾಗುತ್ತದೆ ಎಂದು ನೋಡದೆ ಬರಲು ನನ್ನಿಂದ ಆಗುವುದಿಲ್ಲ, ನೋಡಿದ ಮೇಲೆ ಬರೆಯಲು ನೀನು ದೂರ ಇರಬೇಕು.

ಒಂದೇ ಒಂದು ಬೇಡಿಕೆ. ಈ ಕಾಗದ ತಲುಪುವ ಹೊತ್ತಿಗೆ ಮುಂದಿನ ತಿಂಗಳ ಚೀಟಿಯನ್ನು ಎತ್ತಿರುತ್ತೀ. ನನ್ನ ಬೀದಿಯೇ ಬಂದಿದ್ದರೂ ಸರಿ, ಬರದಿದ್ದರೂ ಸರಿ, ನನಗೆ ಹೇಳಬೇಡ.

ನಿನ್ನ ಮಾವ